ದೊಡ್ಡಾಕಿಯ ಸುದ್ದಿ

ಅಬ್ಬಿಗೇರಿಯ ಪರಶಪ್ಪನಿಗೆ ಜೀವಮಾನದಲ್ಲಿ ಮೊದಲ ಸಲ ನಾಲ್ಕು ಮಂದಿಗೆ ತೋರಿಸುವಂಥದ್ದೊಂದು ಸಿಕ್ಕಿತ್ತು. ಅದು ಒಂದು ತತ್ತಿ. ಅಂಗೈ ತುಂಬುವಷ್ಟು ದಪ್ಪಗಿನ, ಒಡೆದರೆ ಎರಡು ಹಳದಿ ಖಾತ್ರಿ ಎನ್ನಿಸುವಂಥ ಕಂದು ತತ್ತಿ. ಅದನ್ನು ಅವನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಊರೆಲ್ಲ ತಿರುಗಿದ. ಬಸ್ ನಿಲ್ದಾಣದಲ್ಲಿ ತೋರಿಸಿದ, ಹಿಟ್ಟಿನ ಗಿರಣಿಯಲ್ಲಿ ತೋರಿಸಿದ, ಕಟ್ಟೆಯ ಮೇಲೆ ಇಸ್ಪೀಟು ಆಡುವವರ ಆಟ ನಿಲ್ಲಿಸಿ ತೋರಿಸಿದ. ಫಕೀರೇಶನ ಚಹಾದಂಗಡಿಯಲ್ಲಿ ಅದನ್ನು ಬಾಂಡಲಿಯ ಪಕ್ಕದಲ್ಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತ.

"ಇದನ್ನ ಇಡೂಮುಂದ ಕೋಳಿ ಏನಂತೋ ಪರಶಪ್ಪಾ?" ಎಂದು ಫಕೀರೇಶ ಕೇಳಿದ.

"ಏನಂತೈತಿ? ಕೊಕ್ಕೊಕ್ಕೋ ಅಂತು."

"ಖುಷೀಲೇ ಅಂತೋ, ಬ್ಯಾನಿಲೇ ಅಂತೋ?"

ಪರಶಪ್ಪನಿಗೆ ಈ ಪ್ರಶ್ನೆ ಅಸೂಯೆಯಿಂದ ಹುಟ್ಟಿದ್ದೆಂದು ತಕ್ಷಣ ಗೊತ್ತಾಯಿತು. ಅವನು ತತ್ತಿ ಎತ್ತಿಕೊಂಡು ಮನೆಗೆ ಬಂದ.

ಪರಶಪ್ಪ ಸಣ್ಣ ಮನುಷ್ಯ. ಗೋವಾದ ಕಟ್ಟಡಗಳಲ್ಲಿ ವರ್ಷಗಟ್ಟಲೆ ದುಡಿದಿದ್ದ. ಅಲ್ಲಿ ಅವನು ಮಿಸ್ತ್ರಿಯ ಕೈಕೆಳಗಿನವನ ಕೈಕೆಳಗಿನವ. ಹೆಂಡತಿ ಸಕ್ರವ್ವ ಅದೇ ಕಟ್ಟಡಗಳ ಮೆಟ್ಟಿಲು ಹತ್ತಿ ಉಸುಕಿನ ಬುಟ್ಟಿ, ಕಾಂಕ್ರೀಟಿನ ಬುಟ್ಟಿ ಹೊತ್ತವಳು. ಅವನ ಮಂಡಿ ಹೋದ ಮೇಲೆ ಇಬ್ಬರೂ ಊರಿಗೆ ಮರಳಿದ್ದರು. ಈಗ ಸಕ್ರವ್ವ ಮಂದಿಯ ಹೊಲಕ್ಕೆ ಉಳ್ಳಾಗಡ್ಡಿ ಕೀಳಲು, ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದಳು. ಪರಶಪ್ಪ ಮೊಬೈಲಿನಲ್ಲಿ ಕೋಳಿ ಸಾಕುವ ವಿಡಿಯೋ ನೋಡುತ್ತಿದ್ದ. ನೋಡಿ ನೋಡಿ ಜ್ಞಾನ ಉಕ್ಕತೊಡಗಿದಾಗ, ಗಜೇಂದ್ರಗಡಕ್ಕೆ ಹೋಗಿ ಖಾಜಾಸಾಬನ ಹತ್ತಿರ ಒಂದು ಪಂಜರ ತುಂಬ ತತ್ತಿಕೋಳಿ ತಂದೇಬಿಟ್ಟ.

ಖಾಜಾಸಾಬ ಕೊಡುವಾಗಲೇ ಹೇಳಿದ್ದ: "ಇನ್ನಾ ಎಳೇವು ಅದಾವು, ಪರಶಪ್ಪ. ಸಾವಕಾಶ ತತ್ತಿಗೆ ಬರಲಿ. ಹೆಚ್ಚಿಗಿ ತಿನ್ನಸಬ್ಯಾಡ. ರಾತ್ರಿ ಲೈಟ್ ಹಚ್ಚಬ್ಯಾಡ. ಏನರ ಹೆಚ್ಚುಕಮ್ಮಿ ಆತಂದ್ರ ಬದಲಿ ಕೊಡ್ತೀನಿ, ಆದ್ರ ಅವಸರ ಮಾಡಬ್ಯಾಡ."

ಪರಶಪ್ಪ ಈ ಮಾತಿನಲ್ಲಿ 'ಬದಲಿ ಕೊಡ್ತೀನಿ' ಎಂಬುದನ್ನು ಮಾತ್ರ ಕೇಳಿಸಿಕೊಂಡ. ವಿಡಿಯೋದವನು ಬೆಳಕು ಹೆಚ್ಚಾದರೆ ತತ್ತಿ ಹೆಚ್ಚು ಎಂದಿದ್ದ. ಹಾಗಾಗಿ ಗೂಡಿನಲ್ಲಿ ಹಗಲು ರಾತ್ರಿ ಬಲ್ಬು ಉರಿಯಿತು. ಮನೆಯವರಿಗೆ ಜೋಳದ ನುಚ್ಚಾದರೆ, ಕೋಳಿಗಳಿಗೆ ಗೋವಿನಜೋಳ, ಶೇಂಗಾ ಹಿಂಡಿ, ಒಣಮೀನಿನ ಪುಡಿ.

"ಎಳೇ ಹೆಣ್ಣಜೀವ. ಅವಕ್ಕ ಒಂದೀಟು ನಿದ್ದಿ ಬ್ಯಾಡೇನು?" ಎಂದು ಸಕ್ರವ್ವ ಒಂದು ಸಂಜೆ ಕೇಳಿದಳು.

"ನಿನಗ ಇದರಾಗಿಂದು ತಿಳಿಯಂಗಿಲ್ಲ" ಎಂದ ಪರಶಪ್ಪ. ಆ ಮಾತು ಅವನು ಹೆಂಡತಿಗೆ ಮದುವೆಯಾದಂದಿನಿಂದ ಹೇಳುತ್ತ ಬಂದದ್ದು, ನಾಲಿಗೆಗೆ ರೂಢಿಯಾಗಿತ್ತು.

ಕೋಳಿಗಳಲ್ಲಿ ಒಂದು ಉಳಿದವಕ್ಕಿಂತ ದಪ್ಪಗಿತ್ತು. ಹೆಬ್ಬೆರಳು ಗಾತ್ರದ ತತ್ತಿಗಳ ನಡುವೆ ಆ ಪ್ರಸಿದ್ಧ ತತ್ತಿಯನ್ನು ಇಟ್ಟದ್ದು ಅದೇ. ಪರಶಪ್ಪ ಅದನ್ನು ಪ್ರೀತಿಯಿಂದ 'ದೊಡ್ಡಾಕಿ' ಎಂದು ಕರೆಯುತ್ತಿದ್ದ. ಹೆಸರಿನಲ್ಲಿ ಇಂಥ ಕೇಡಿರಬಹುದೆಂದು ಆಗ ಯಾರಿಗೂ ಹೊಳೆಯಲಿಲ್ಲ.

ತತ್ತಿ ತೋರಿಸಿ ತಿರುಗಿದ ಮರುದಿನ ಬೆಳಿಗ್ಗೆ ಗೂಡು ತೆರೆದವನು ಹಾಗೇ ನಿಂತ. ದೊಡ್ಡಾಕಿ ಮೂಲೆಗೆ ಒತ್ತಿಕೊಂಡು ಕೂತಿತ್ತು. ಅದರ ಹಿಂಬದಿಯಿಂದ ನಿಂಬೆಹಣ್ಣಿನಷ್ಟು ಕೆಂಪು ಮಾಂಸ ಹೊರಗೆ ಜೋತುಬಿದ್ದಿತ್ತು. ಉಳಿದ ಕೋಳಿಗಳು ಸುತ್ತ ನಿಂತು, ಸರತಿಯ ಮೇಲೆ ಎಂಬಂತೆ, ಅದನ್ನು ಕುಕ್ಕುತ್ತಿದ್ದವು. ದೊಡ್ಡಾಕಿ ಕೂಗುತ್ತಿರಲಿಲ್ಲ. ಪ್ರತಿ ಸಲ ಕುಕ್ಕಿದಾಗ ಕಣ್ಣು ಮುಚ್ಚುತ್ತಿತ್ತು, ಅಷ್ಟೇ.

ಪರಶಪ್ಪ ಅದನ್ನು ಎತ್ತಿಕೊಂಡು ಕಟ್ಟಿಗೆ ಒಟ್ಟುವ ಕತ್ತಲೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿದ. ಗಲಾಟೆ ಕೇಳಿ ಬಂದ ಫಕೀರೇಶ ಇಣುಕಿ ನೋಡಿ, "ಇದು ಉಳಿಯೂದಲ್ಲ. ಇವತ್ತ ಮುಗಿಸಿಬಿಡು" ಎಂದು ತೀರ್ಪು ಕೊಟ್ಟು ಹೋದ. ಸಕ್ರವ್ವ ನೀರಿಗೆ ಹೋಗಿದ್ದಳು. ಪರಶಪ್ಪ ಮೊಬೈಲು ತೆಗೆದ.

ಖಾಜಾಸಾಬ ತನ್ನ ಗಿರಾಕಿಗಳಿಗಾಗಿ ಒಂದು ವಾಟ್ಸಾಪ್ ಬಳಗ ಮಾಡಿದ್ದ. ಅದಕ್ಕೆ ಹುಂಜದ ಚಿತ್ರ. ಸಕ್ರವ್ವನ ತವರಿನವರದು ಇನ್ನೊಂದು ಬಳಗ. ಅದಕ್ಕೆ ಅವಳ ತಮ್ಮನ ಮದುವೆಯ ಫೋಟೋ. ಕೆಂಪು ಪೇಟ, ಅದರ ಮೇಲೆ ತುರಾಯಿ. ಒಡೆದ ಗಾಜಿನ ಆ ಮೊಬೈಲಿನಲ್ಲಿ ಪೇಟದ ತುರಾಯಿಗೂ ಹುಂಜದ ಜುಟ್ಟಿಗೂ ಹೆಚ್ಚು ವ್ಯತ್ಯಾಸ ಕಾಣುತ್ತಿರಲಿಲ್ಲ. ಓದಿ ನೋಡಬಹುದಿತ್ತು. ಆದರೆ ಪರಶಪ್ಪನಿಗೆ ಅವಸರ. ಅವನು ಒತ್ತಿ ಹಿಡಿದು ಮಾತಾಡಿಯೇಬಿಟ್ಟ:

"ಎಲ್ಲಾರಿಗೂ ನಮಸ್ಕಾರ್ರಿ. ಅಬ್ಬಿಗೇರಿ ಪರಶಪ್ಪ ಮಾತಾಡಾಕತ್ತೀನ್ರಿ. ನಮ್ಮ ದೊಡ್ಡಾಕೀಗೆ ಗರ್ಭಚೀಲ ಹೊರಗ ಬಿದ್ದೈತ್ರಿ. ರಕ್ತಾನೂ ಬರಾಕತ್ತೈತಿ. ಕತ್ತಲ ಖೋಲ್ಯಾಗ ಹಾಕಿ ಚಿಲಕ ಹಾಕೀನಿ. ಬಾಜೂ ಮಂದಿ ಇವತ್ತ ಮುಗಿಸಿಬಿಡು ಅನ್ನಾಕತ್ತಾರ. ನನಗ ಕೈ ಏಳವಲ್ದು, ಭಾಳ ಚಲೋ ಇದ್ಲು. ಈಕಿ ಹೋದ್ರ ಗಜೇಂದ್ರಗಡದಾವ್ರು ಬದಲಿ ಕೊಡ್ತೀನಿ ಅಂದಾರ, ಅದರ ಬಗ್ಗೆ ಚಿಂತಿ ಇಲ್ಲ. ಹಿಂಗಾದಾಗ ನೀವೆಲ್ಲಾ ಏನ ಮಾಡ್ತೀರಿ, ಲಗೂ ಹೇಳ್ರಿ."

ಕಳಿಸಿದ. ಮೊಬೈಲಿನ ಚಾರ್ಜು ಮುಗಿದು ಪರದೆ ಕಪ್ಪಾಯಿತು. ಪರಶಪ್ಪ ಅದನ್ನು ಕಿಸೆಗೆ ಹಾಕಿ, ದೊಡ್ಡಾಕಿಯನ್ನು ಸಂತೆಚೀಲದಲ್ಲಿಟ್ಟುಕೊಂಡು ನರೇಗಲ್ಲಿನ ಬಸ್ಸು ಹತ್ತಿದ.

ಸಕ್ರವ್ವನ ತವರು ರೋಣ. ಅಲ್ಲಿ ಅವಳು ಹಿರಿಯ ಮಗಳು. ಹುಟ್ಟಿದಾಗಿನಿಂದ ಆ ಮನೆಯಲ್ಲಿ 'ದೊಡ್ಡಾಕಿ' ಎಂದರೆ ಸಕ್ರವ್ವನೇ.

ಸುದ್ದಿ ಹೋಗಿದ್ದು ಆ ತವರಿನವರ ಬಳಗಕ್ಕೆ. ಅಲ್ಲಿ ಮುಂದೆ ನಡೆದದ್ದು ಪರಶಪ್ಪನಿಗೆ ಆಮೇಲೆ ತಿಳಿಯಿತು. ಮೊದಲು ಯಾರೋ ಕೈಮುಗಿದ ಚಿತ್ರ ಹಾಕಿದರು. ಇನ್ಯಾರೋ ಅಳುವ ಮುಖ ಹಾಕಿದರು. ನರಗುಂದದ ಸೋದರಮಾವ ಪೂರ್ತಿ ಕೇಳದೆಯೇ 'ಆತ್ಮಕ್ಕೆ ಶಾಂತಿ ಸಿಗಲಿ' ಎಂದು ಹಾಕಿದ. ಹಿರಿಯರು ಹಾಕಿದರೆಂದು ಕಿರಿಯರೂ ಸಾಲಾಗಿ ಅದನ್ನೇ ಹಾಕಿದರು. ಪೂರ್ತಿ ಕೇಳಿದವನು ಒಬ್ಬನೇ, ಸಕ್ರವ್ವನ ತಮ್ಮ ದ್ಯಾಮೇಶ. ಅಕ್ಕನನ್ನು ಕತ್ತಲೆ ಕೋಣೆಯಲ್ಲಿ ಹಾಕಿದ್ದಾನೆ, ಮುಗಿಸುವ ಯೋಚನೆಯಲ್ಲಿದ್ದಾನೆ, ಗಜೇಂದ್ರಗಡದಲ್ಲಿ ಇನ್ನೊಬ್ಬ ಹೆಣ್ಣನ್ನು ನೋಡಿಟ್ಟಿದ್ದಾನೆ. ಇಷ್ಟನ್ನು ತಿಳಿದುಕೊಂಡ ದ್ಯಾಮೇಶ ಪರಶಪ್ಪನಿಗೆ ಫೋನು ಹಚ್ಚಿದ. ಫೋನು ಬಂದ್. ಅದೊಂದು ಸಾಕಾಯಿತು. ಒಂದು ಟೆಂಪೋ ಮಾಡಿಸಿ, ಹೆಂಡತಿ ದುರ್ಗವ್ವನನ್ನೂ ಸಿಕ್ಕ ಬೀಗರು ಬಿಜ್ಜರನ್ನೂ ತುಂಬಿಕೊಂಡು ಹೊರಟ. ಯಾವುದಕ್ಕೂ ಇರಲೆಂದು ಯಾರೋ ಒಂದು ಹೂವಿನ ಹಾರ ತಂದಿದ್ದರು.

ಇತ್ತ ನರೇಗಲ್ಲಿನ ದನದ ದವಾಖಾನೆಯಲ್ಲಿ ಡಾಕ್ಟರು ದೊಡ್ಡಾಕಿಯನ್ನು ಮೇಜಿನ ಮೇಲೆ ಮಲಗಿಸಿ, ಬೆಚ್ಚಗಿನ ನೀರಿನಿಂದ ತೊಳೆದು, ಎಣ್ಣೆ ಸವರಿ, ಹೊರಗೆ ಬಂದದ್ದನ್ನು ಬೆರಳಿನಿಂದ ಮೆಲ್ಲಗೆ ಒಳಗೆ ಸರಿಸಿದರು. ಪರಶಪ್ಪ ರೆಕ್ಕೆ ಹಿಡಿದುಕೊಂಡು ಮುಖ ಆಚೆ ತಿರುಗಿಸಿ ನಿಂತಿದ್ದ.

"ಲೈಟ್ ಹಚ್ಚಿದ್ದಿರೇನು?" ಎಂದರು ಡಾಕ್ಟರು.

"ಒಂದೀಟ ಹಚ್ಚಿದ್ದೆ."

"ಮೇವು?"

"ಒಂದೀಟ ಹಾಕಿದ್ದೆ."

"ಎಳೇ ಕೋಳಿ ರೀ. ಮೈ ಬಲಿಯೂದ್ರಾಗ ದೊಡ್ಡ ತತ್ತಿ ಬಂತಂದ್ರ ಹಿಂಗ ಆಗೂದು. ನೀವು ದೊಡ್ಡ ತತ್ತಿ ಬಂತಂತ ಊರಾಗೆಲ್ಲ ತೋರಿಸಿಕೊಂತ ತಿರಗತೀರಿ."

ಡಾಕ್ಟರಿಗೆ ಇದು ಹೇಗೆ ಗೊತ್ತಾಯಿತೆಂದು ಪರಶಪ್ಪ ಬೆರಗಾದ.

"ಇದೊಂದನ್ನ ಕತ್ತಲದಾಗ ಇಡ್ರಿ. ಮೇವು ಕಡಿಮಿ ಮಾಡ್ರಿ, ತತ್ತಿ ನಿಲ್ಲಬೇಕು. ಮುಖ್ಯ ಅಂದ್ರ ಉಳದ ಕೋಳಿ ಜೋಡಿ ಬಿಡಬ್ಯಾಡ್ರಿ. ಕೆಂಪ ಕಂಡರ ಅವು ಬಿಡಂಗಿಲ್ಲ, ಕರಳು ಹೊರಗ ಬರೂತನಕ ಜಗ್ಗತಾವು."

"ಮತ್ತ ಹೊರಗ ಬಂದ್ರ?"

ಡಾಕ್ಟರು ಕೈ ತೊಳೆಯಲು ಹೋದರು.

ಪರಶಪ್ಪ ಮಧ್ಯಾಹ್ನ ಊರಿಗೆ ಇಳಿದಾಗ ಓಣಿಯ ತುಂಬ ಮಂದಿ. ತನ್ನ ಮನೆಯ ಮುಂದೆ ಟೆಂಪೋ. ಕಟ್ಟೆಯ ಮೇಲೆ ಬೀಗರು. ಒಬ್ಬ ಮುದುಕನ ತೊಡೆಯ ಮೇಲೆ ಹೂವಿನ ಹಾರ. ಸತ್ತವರು ಯಾರಿರಬಹುದೆಂದು ಅವನು ನೆನೆಯುವಷ್ಟರಲ್ಲಿ ದ್ಯಾಮೇಶ ಬಂದು ಕೊರಳಪಟ್ಟಿ ಹಿಡಿದ. ನಿನ್ನೆಯವರೆಗೂ 'ಮಾವಾರ' ಎನ್ನುತ್ತಿದ್ದವನು.

"ಲೇ ಪರಶ್ಯಾ! ನಮ್ಮಕ್ಕನ್ನ ಕತ್ತಲ ಖೋಲ್ಯಾಗ ಹಾಕ್ತೀ? ಮುಗಸ್ತೀ? ಪುಣ್ಯಕ್ಕ ಹ್ಯಾಂಗೋ ತಪ್ಪಿಸಿಕೊಂಡು ಉಳದಾಳ! ಗಜೇಂದ್ರಗಡದಾಗ ಬದಲಿ ಹೆಂಡ್ತಿ ತಯಾರ ಮಾಡೀ?"

"ನಾನೋ?"

"ನೀನಲ್ಲದ ನಿಮ್ಮಪ್ಪನೇನ? ಹೆಂಡ್ತಿ ಮೈಯಾಗಿನ ಬ್ಯಾನಿ ತಿಳೀಲಾರದಾವ ನೀ ಎಂಥಾ ಗಂಡಸಲೇ? ನನ್ನ ಹೆಂಡ್ತಿಗೆ ಒಂದ ಶೀನು ಬಂದ್ರ ನನಗ ಗೊತ್ತಾಕ್ಕೈತಿ, ಗೊತ್ತೇನು!"

ಮೊಬೈಲಿಗೆ ಫಕೀರೇಶನ ಅಂಗಡಿಯಲ್ಲಿ ಜೀವ ತುಂಬಿಸಿ, ಸುದ್ದಿಯನ್ನು ಎಲ್ಲರೆದುರು ಜೋರಾಗಿ ಕೇಳಿಸಲಾಯಿತು. ತನ್ನ ದನಿಯನ್ನು ತಾನೇ ಕೇಳುತ್ತ ಪರಶಪ್ಪನ ಬಾಯಿ ಮೆಲ್ಲಗೆ ತೆರೆಯಿತು. ಆಮೇಲೆ ಅವನು ನಗತೊಡಗಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ಸಂತೆಚೀಲದಿಂದ ಕೋಳಿಯನ್ನು ಹೊರತೆಗೆದು ತಲೆಯ ಮೇಲಕ್ಕೆ ಎತ್ತಿ ಹಿಡಿದ.

"ಇಕಾ ನೋಡ್ರಪಾ ದೊಡ್ಡಾಕಿ! ಈಕೀದು ಹೊರಗ ಬಂದದ್ದು! ನನ್ನ ಹೆಂಡ್ತಿಗೆ ಏನಾಗೇತಿ? ಗುಂಡಕಲ್ಲ ಇದ್ದಂಗ ಅದಾಳ!"

ಓಣಿ ಹೋ ಎಂದಿತು. ಫಕೀರೇಶ ನಕ್ಕು ನಕ್ಕು ನೆಲಕ್ಕೆ ಕೂತುಬಿಟ್ಟ. ಹಾರದ ಮುದುಕ, "ಹಂಗಾರ ಇದನ್ನ ಕೋಳಿಗೆ ಹಾಕೂಣೇನು?" ಎಂದು ಕೇಳಿದ ಮೇಲಂತೂ ಟೆಂಪೋದ ಡ್ರೈವರನೂ ಇಳಿದು ಬಂದು ನಕ್ಕ. ದ್ಯಾಮೇಶ ಪಟ್ಟಿ ಬಿಟ್ಟ. ಮನಸ್ಸಿಲ್ಲದಿದ್ದರೂ ಅವನ ಮೀಸೆಯ ತುದಿ ಅಲುಗಿತು. ಯಾರೋ ಪರಶಪ್ಪನ ಕೈಯಿಂದ ಕೋಳಿ ಇಸಿದುಕೊಂಡರು. ಇನ್ಯಾರೋ ಚಹಾಕ್ಕೆ ಹೇಳಿದರು.

ಆಗ ಬಾಗಿಲಲ್ಲಿ ದುರ್ಗವ್ವ ಕಾಣಿಸಿಕೊಂಡಳು. ಅವಳು ದ್ಯಾಮೇಶನ ಹೆಂಡತಿ, ಮಾತಿಗೆ ಮಾತು ಕೊಡುವವಳು. ಬಂದಾಗಿನಿಂದ ಸಕ್ರವ್ವನ ಜೊತೆ ಒಳಗಿದ್ದಳು. ಈಗ ಅವಳ ಕಣ್ಣುಗಳು ಕೆಂಪಾಗಿದ್ದವು.

"ನಗೂದು ಸಾಕು ಮಾಡ್ರಿ" ಎಂದಳು. "ಅಣ್ಣಾರ, ಒಳಗ ಬರ್ರಿ."

ಒಳಗೆ ಸಕ್ರವ್ವ ಗೋಡೆಗೆ ಒರಗಿ ಕೂತಿದ್ದಳು. ಸುತ್ತ ತವರಿನ ಹೆಂಗಸರು. ಎಲ್ಲರೂ ನೆಲ ನೋಡುತ್ತಿದ್ದರು. ಹೊರಗಿನ ನಗು ಅಲ್ಲಿಗೂ ಕೇಳಿಸಿತ್ತು.

ಬೆಳಿಗ್ಗೆ ಪಾತ್ರೆ ತಿಕ್ಕುತ್ತ ಕೂತವಳ ಮುಂದೆ ಟೆಂಪೋ ಬಂದು ನಿಂತಾಗ, ತವರಿನಲ್ಲಿ ಯಾರೋ ತೀರಿಹೋದರೆಂದು ಅವಳು ಎದ್ದು ಓಡಿದ್ದಳು. ಅವರು ಇವಳನ್ನು ಅಪ್ಪಿಕೊಂಡು ಅತ್ತಿದ್ದರು. ದುರ್ಗವ್ವ ಅವಳನ್ನು ಒಳಗೆ ಕರೆದುಕೊಂಡು ಬಾಗಿಲು ಮುಂದೆ ಮಾಡಿ, "ಗರ್ಭಚೀಲ ಹೊರಗ ಬಂದೈತಂತಲ್ಲ ಯಕ್ಕಾ, ಅಣ್ಣಾರು ಹೇಳಿ ಕಳಿಸ್ಯಾರ" ಎಂದಿದ್ದಳು. ಸಕ್ರವ್ವ ಹಾಗೇ ಕುಸಿದು ಕೂತು, ಗಂಡನಿಗೆ ಕೊನೆಗೂ ತಿಳಿಯಿತಲ್ಲ ಎಂದುಕೊಂಡು, ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಗೋವಾದಲ್ಲಿ ಹೊರೆ ಹೊರುವಾಗ ಶುರುವಾದದ್ದು. ಮೊದಲು ಸಂಜೆಗೆ ಮಾತ್ರ ಇಳಿಯುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಆಮೇಲೆ ಹೋಗದಾಯಿತು. ಹಳೆಯ ಸೀರೆಯ ಬಟ್ಟೆ ಮಡಚಿ ಬಿಗಿದು ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದಳು. ಕೂತರೆ ಉರಿ, ನಡೆದರೆ ಉರಿ. ಈಗೀಗ ಬಟ್ಟೆಗೆ ರಕ್ತ ಹತ್ತುತ್ತಿತ್ತು. ಪ್ರತಿಯೊಬ್ಬ ಹೆಂಗಸೂ ಒಂದೊಂದು ಪ್ರಶ್ನೆ ಕೇಳಿದ್ದಳು. ಎಷ್ಟು ದಪ್ಪ, ಯಾವಾಗಿಂದ, ಗಂಡನ ಜೊತೆ ಹೇಗೆ. ಎಲ್ಲದಕ್ಕೂ ಅವಳು ಉತ್ತರ ಕೊಟ್ಟಿದ್ದಳು.

ದುರ್ಗವ್ವ ಇದನ್ನೆಲ್ಲ ನಾಲ್ಕೇ ಮಾತಿನಲ್ಲಿ ಪರಶಪ್ಪನಿಗೆ ಹೇಳಿದಳು. ಅವನ ಕೈಯಲ್ಲಿ ಇನ್ನೂ ಖಾಲಿ ಚೀಲವಿತ್ತು.

ಸಕ್ರವ್ವ ತಲೆಯೆತ್ತಿದಳು. "ನೀವು ಹೇಳಿದ್ದು ಕೋಳೀದೇನು?"

"ಹೂಂ."

"ನಂದಲ್ಲಾ?"

"ಅಲ್ಲ."

"ಹಂಗಾರ ನಾ ಸುಮ್ಮನ ಹೇಳಿದ್ನಲ್ಲ" ಎಂದಳು ಸಕ್ರವ್ವ. ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

'ನನಗ ಯಾಕ ಹೇಳಲಿಲ್ಲ' ಎಂದು ಪರಶಪ್ಪನಿಗೆ ಕೇಳಬೇಕೆನ್ನಿಸಿತು. ಆದರೆ ಅವಳು ಏನಾದರೂ ಹೇಳಹೋದಾಗಲೆಲ್ಲ ತಾನು ಕೊಡುತ್ತಿದ್ದ ಉತ್ತರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎದ್ದು ಹೊರಗೆ ಬಂದ. ಹೊರಗೆ ಬಂದವನಿಗೆ ಇನ್ನೇನೂ ತೋಚದೆ, ಕೋಳಿಯನ್ನಾದರೂ ಕತ್ತಲೆ ಕೋಣೆಗೆ ಸೇರಿಸೋಣವೆಂದು ಹುಡುಕಿದ.

"ಕೋಳಿ ಎಲ್ಲಿ?"

"ಗೂಡಿನ್ಯಾಗ ಬಿಟ್ಟೀವಲ್ಲ" ಎಂದ ಹಾರದ ಮುದುಕ, ಉಪಕಾರ ಮಾಡಿದವನ ಮುಖದಿಂದ. "ಒಂಟಿ ಆಗಿ ಅಂಜಿಕೊಂಡಿತ್ತು. ತನ್ನವ್ರ ಜೋಡಿ ಇರಲಿ ಅಂತ."

ಪರಶಪ್ಪ ಗೂಡಿಗೆ ಓಡಿದ. ಉಳಿದ ಕೋಳಿಗಳ ಕೊಕ್ಕುಗಳು ಕೆಂಪಾಗಿದ್ದವು. ದೊಡ್ಡಾಕಿ ಅಡ್ಡ ಬಿದ್ದಿತ್ತು; ಅದರ ಕರುಳೊಂದನ್ನು ಎರಡು ಕೋಳಿಗಳು ಆಚೀಚೆ ಹಿಡಿದು ಜಗ್ಗುತ್ತಿದ್ದವು. ಅವನು ಅವನ್ನು ಅಟ್ಟಿ, ಕಾಲು ಹಿಡಿದು ದೊಡ್ಡಾಕಿಯನ್ನು ಎತ್ತಿದ. ಇನ್ನೂ ಬೆಚ್ಚಗಿತ್ತು. ಕಟ್ಟೆಯ ಮೇಲಿನ ಬೀಗರಿಗೆ ಊಟಕ್ಕೆ ಏನು ಮಾಡುವುದೆಂದು ಫಕೀರೇಶ ಯೋಚಿಸುತ್ತಿದ್ದುದು ಅವನ ಮುಖದಲ್ಲೇ ಕಾಣುತ್ತಿತ್ತು. ಪರಶಪ್ಪ ಅವನಿಗೆ ಕೊಡಲಿಲ್ಲ. ಹಿತ್ತಲಲ್ಲಿ ಗುಂಡಿ ತೆಗೆದು ಹೂಳಿದ. ಗೂಡಿನ ಬಲ್ಬು ಕಿತ್ತ.

ಸಂಜೆಯ ಊಟ ಜೋಳದ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಮುಗಿಯಿತು. ಊಟದುದ್ದಕ್ಕೂ ದ್ಯಾಮೇಶ ಭಾಷಣ ಮಾಡಿದ. ಗಂಡಸು ಎಂದರೆ ಹೇಗಿರಬೇಕು, ಮನೆಯ ಹೆಣ್ಣನ್ನು ಹೇಗೆ ನೋಡಿಕೊಳ್ಳಬೇಕು, ತಾನು ಹೇಗೆ ನೋಡಿಕೊಳ್ಳುತ್ತೇನೆ. ಮಾತಿನ ನಡುವೆ ನೀರು ಬೇಕೆನ್ನಿಸಿದಾಗ ಹೆಂಡತಿಯ ಕಡೆ ನೋಡದೆಯೇ ತಂಬಿಗೆಯನ್ನು ಮೇಲಕ್ಕೆ ಹಿಡಿಯುತ್ತಿದ್ದ. ದುರ್ಗವ್ವ ತುಂಬಿಸಿ ಕೊಡುತ್ತಿದ್ದಳು. ಪರಶಪ್ಪ ತಲೆ ತಗ್ಗಿಸಿ ತಿಂದ. ಇಂಥ ಬೈಗುಳ ತನಗೆ ಸಲ್ಲತಕ್ಕದ್ದೇ ಎಂಬ ಸಮಾಧಾನವೂ ಅವನಿಗೆ ಇತ್ತು. ಬೈಯುವವರು ಇರುವತನಕ ತಾನು ಏನೂ ಹೇಳಬೇಕಾಗಿರಲಿಲ್ಲ.

ಸಕ್ರವ್ವ ದವಾಖಾನೆಗೆ ಬರುವುದಿಲ್ಲ ಎಂದಳು. "ಇನ್ನೂ ಯಾರ ಮುಂದ ಹೇಳಲಿ? ಉಳದಾವ್ರು ಯಾರದಾರ?" ಎಂದಳು. ದುರ್ಗವ್ವ ಅವಳ ಪಕ್ಕ ಕೂತು ಬಹಳ ಹೊತ್ತು ಏನೋ ಮೆಲ್ಲಗೆ ಹೇಳಿದಳು. ಅದೇನೆಂದು ಗಂಡಸರಿಗೆ ಕೇಳಿಸಲಿಲ್ಲ. ಕೊನೆಗೆ ಸಕ್ರವ್ವ ಹೂಂ ಎಂದಳು.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ, ದ್ಯಾಮೇಶ, ದುರ್ಗವ್ವ ನಾಲ್ವರೂ ಗಜೇಂದ್ರಗಡದ ದವಾಖಾನೆಗೆ ಹೋದರು. ಹೆಸರು ಬರೆಸುವ ಕಿಟಕಿಯ ಮುಂದೆ ದೊಡ್ಡ ಪಾಳಿ. ಅವರ ಸರದಿ ಬಂದಾಗ ಒಳಗಿನ ನರ್ಸಬಾಯಿ ಪರಶಪ್ಪನ ಮುಖ ನೋಡಿ ಕೇಳಿದಳು: "ಏನ ತ್ರಾಸ ಐತಿ?"

ಪರಶಪ್ಪ ಬಾಯಿ ತೆರೆದ. ಇಡೀ ಬಳಗಕ್ಕೆ ಒಂದೇ ಉಸಿರಿನಲ್ಲಿ ಹೇಳಿದ್ದ ಮಾತು ಈಗ ತುಂಡು ತುಂಡಾಗಿ ಬಂತು. "ಅದೂ... ಹೊಟ್ಟೀದು..." ಎಂದ. "ಕೆಳಗ... ಒಂದೀಟ..." ಎಂದ. ದ್ಯಾಮೇಶನ ಕಡೆ ನೋಡಿದ. ಭಾಷಣಕಾರ ಗೋಡೆಯ ಮೇಲಿದ್ದ ಪೋಲಿಯೋ ಲಸಿಕೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಲಗೂ ಹೇಳ್ರಿ, ಹಿಂದ ಮಂದಿ ಅದಾರ."

ಸಕ್ರವ್ವ ಗಂಡನನ್ನು ಮೊಣಕೈಯಿಂದ ಸರಿಸಿ ಕಿಟಕಿಗೆ ಬಂದಳು. "ಗರ್ಭಚೀಲ ಹೊರಗ ಬರತೈತ್ರೀ ಬಾಯಾರ. ಭಾಳ ವರ್ಷ ಆತು" ಎಂದಳು. ಮೆಲ್ಲಗೇನೂ ಹೇಳಲಿಲ್ಲ. ಪಾಳಿಯಲ್ಲಿದ್ದ ತಲೆಗಳೆಲ್ಲ ತಿರುಗಿದವು. ಅವಳು ಕದಲಲಿಲ್ಲ.

ನರ್ಸಬಾಯಿ ಬರೆದುಕೊಂಡಳು. "ಮುಂದಿನವ್ರು" ಎಂದಳು.

ದುರ್ಗವ್ವ ಮುಂದೆ ಬಂದಳು. "ನನ್ನ ಹೆಸರೂ ಬರಕೋರಿ."

"ನಿಮಗೇನ್ರಿ?"

"ನನಗೂ ಅದೇ."

ದ್ಯಾಮೇಶ ಪೋಲಿಯೋ ಚಿತ್ರದಿಂದ ತಿರುಗಿದ. "ಏ... ನಿನಗೇನಾಗೇತಿ?"

"ಶೀನು ಬಂದೈತಿ" ಎಂದಳು ದುರ್ಗವ್ವ. "ಕುಂದರ್ರಿ ಅಲ್ಲಿ."

ಹೆಂಗಸರಿಬ್ಬರೂ ಒಳಗೆ ಹೋದರು. ಪರಶಪ್ಪ ಬೆಂಚಿನ ಮೇಲೆ ಕೂತಿದ್ದ. ದ್ಯಾಮೇಶ ಬಂದು ಪಕ್ಕದಲ್ಲಿ ಕೂತ. ಕೂತಲ್ಲಿಂದ ಎದ್ದ, ಮತ್ತೆ ಕೂತ. ಬಹಳ ಹೊತ್ತಿನ ಮೇಲೆ, "ಮಾವಾರ" ಎಂದ. ಪರಶಪ್ಪ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟ.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದರು. ವಯಸ್ಸಾದವರು, ದಣಿದವರು. ದುರ್ಗವ್ವನದು ಈಗ ಶುರುವಾಗಿದೆ, ಜತನ ಮಾಡಿದರೆ ನಿಲ್ಲಬಹುದು ಎಂದರು. ಸಕ್ರವ್ವನ ಮಾತು ಬಂದಾಗ ದನಿ ತಗ್ಗಿಸಿದರು. "ಹುಣ್ಣಾಗೇತ್ರಿ. ಸಣ್ಣ ತುಣುಕು ತಗದು ಪರೀಕ್ಷೆಗೆ ಕಳಸೇನಿ. ಅದು ಏನಂತ ಬರತೈತೋ ಈಗ ಹೇಳಾಕ ಬರಂಗಿಲ್ಲ. ಏನ ಬಂದ್ರೂ ಆಪರೇಷನ್ ಆಗಬೇಕು."

"ಏನಂತ ಬರಬಹುದ್ರಿ?" ಎಂದ ಪರಶಪ್ಪ.

"ಬಂದ ಮ್ಯಾಲ ಹೇಳ್ತೀನಿ" ಎಂದರು ಡಾಕ್ಟರಮ್ಮ. ಅವನಿಗೆ ಅರ್ಥವಾಯಿತು.

"ಇನ್ನ ಕೇಳ್ರಿ. ಈ ಹೆಣ್ಣಮಕ್ಕಳಿಬ್ಬರೂ ಇವತ್ತಿಂದ ಒಂದ ತಂಬಗಿಗಿಂತ ಹೆಚ್ಚಿಂದು ಎತ್ತಂಗಿಲ್ಲ. ಕಟಿಗಿ ಇಲ್ಲ, ಹುಲ್ಲಿನ ಹೊರಿ ಇಲ್ಲ, ಕೊಡ ಇಲ್ಲ. ಮನ್ಯಾಗ ನೀರ ಯಾರು ಹೊರ್ತೀರಿ?"

ಬೆಂಚುಗಳ ಮೇಲಿನವರೆಲ್ಲ ಇತ್ತ ನೋಡಿದರು. ಪರಶಪ್ಪ ಶಾಲೆಯ ಹುಡುಗನಂತೆ ಕೈ ಎತ್ತಿದ.

ಡಾಕ್ಟರಮ್ಮ ದ್ಯಾಮೇಶನ ಕಡೆ ತಿರುಗಿದರು. ದ್ಯಾಮೇಶ ಆಚೆ ನೋಡಿದ, ಈಚೆ ನೋಡಿದ, ರೋಣದವರು ಯಾರೂ ಅಲ್ಲಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡ. ಆಮೇಲೆ ಅವನೂ ಎತ್ತಿದ, ಕಿವಿಯ ಮಟ್ಟಕ್ಕೆ.

"ಪೂರ್ತಿ ಎತ್ರಿ" ಎಂದಳು, ಬಾಗಿಲಲ್ಲಿ ಬಂದು ನಿಂತಿದ್ದ ದುರ್ಗವ್ವ.